ಹಳೇ ಸ್ಪ್ಲೆಂಡರ್ ಮುಳ್ಳಯ್ಯನಗಿರಿ ಹತ್ತುತ್ತಾ? ದುರ್ಗದಿಂದ ಶನಿವಾರ-ಭಾನುವಾರದ ಪ್ಲಾನ್

ಕೋಟೆಕೆಳಗಿನವ | ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಬರೋ ಶನಿವಾರ-ಭಾನುವಾರ ನಾನೂ ನನ್ನ ದೋಸ್ತನೂ ಗಿರಿ ಕಡೆ ಹೊರಟಿದೀವಿ. ನಾನು ಚಿತ್ರದುರ್ಗ, ಅವನು ದಾವಣಗೆರೆ. ನಂದು 350 ಸಿಸಿ ಬುಲೆಟ್. ಅವಂದು ಹಳೇ ಸ್ಪ್ಲೆಂಡರ್, ಕಾರ್ಬುರೇಟರ್ ಕಾಲದ್ದು. ನನ್ನ ಹಿಂದೆ ಕೂತ್ಕೋ ಮಾರಾಯ ಅಂದ್ರೆ ಕೇಳ್ತಿಲ್ಲ. "ನನ್ನ ಗಾಡಿ ನನ್ನ ಮದುವೆಗೂ ಬಂದೈತಿ, ಗಿರಿಗೂ ಬರತೈತಿ" ಅಂತಾನೆ. ಅವನ ಆಫೀಸಲ್ಲಿ, ಮನೆಯಲ್ಲಿ, ಬೀದಿಯಲ್ಲಿ ಎಲ್ಲರೂ ಹೇಳೋದು ಒಂದೇ: ಆ ಗಾಡಿ ಘಾಟಿ ಹತ್ತಲ್ಲ. ಹೌದಾ?

ಇನ್ನೊಂದು, ದಾರಿ. ಸುಮ್ಮನೆ ಮ್ಯಾಪ್ ಹಾಕ್ಕೊಂಡು ಹೋಗೋ ಮನಸ್ಸಿಲ್ಲ. ನಮ್ಮ ಮಾರಿಕಣಿವೆ ಡ್ಯಾಂಗೆ, ಅಂದ್ರೆ ವಾಣಿವಿಲಾಸ ಸಾಗರಕ್ಕೆ, ನೀರು ಬರೋದು ವೇದಾವತಿಯಿಂದ, ವೇದಾವತಿ ಹುಟ್ಟೋದು ಬಾಬಾಬುಡನ್‌ಗಿರಿ ಸಾಲಿನಲ್ಲಿ ಅಂತ ಶಾಲೆಯಲ್ಲಿ ಓದಿದ್ದು. ಕೆರೆ ಕೋಡಿ ಬಿದ್ದಾಗೆಲ್ಲ ಜನ ಡ್ಯಾಂ ನೋಡೋಕೆ ಓಡ್ತಾರೆ. ನನಗೆ ಮಾತ್ರ ಆ ನೀರು ಎಲ್ಲಿಂದ ಇಳಿಯುತ್ತೆ ಅಂತ ನೋಡಬೇಕು. ಹೊಳಲ್ಕೆರೆಯಲ್ಲಿ ಇಬ್ಬರೂ ಸೇರಿ, ಹೊಸದುರ್ಗ, ಕಡೂರು, ಸಖರಾಯಪಟ್ಟಣ ಮೇಲೆ ಚಿಕ್ಕಮಗಳೂರು. ಇದು ನನ್ನ ಲೆಕ್ಕ. ಗೊತ್ತಿರೋರು ಹೇಳಿ.

ಮಂಡಕ್ಕಿ_ಮಿರ್ಚಿ

ಹತ್ತತೈತ್ರಿ. ನೀವು ಹಿಂದಿಂದ ತಳ್ಳಬೇಕಷ್ಟೆ.

ಸೂಳೆಕೆರೆ_ಸವಾರ

ಅಣ್ಣಾ, ದಾವಣಗೆರೆಯವರಿಗೆ ಸರಿಯಾದ ದಾರಿ ಚನ್ನಗಿರಿ. ನಿಮ್ಮ ದೋಸ್ತನ್ನ ಕೇಳಿ, ಅವರೂ ಇದನ್ನೇ ಹೇಳ್ತಾರೆ. ದಾವಣಗೆರೆ ಬಿಟ್ಟರೆ ಸೂಳೆಕೆರೆ ಏರಿ ಮೇಲೆ ಬೆಳಗಿನ ಗಾಳಿ, ಆಮೇಲೆ ಚನ್ನಗಿರಿ, ಭದ್ರಾವತಿ, ತರೀಕೆರೆ, ಲಿಂಗದಹಳ್ಳಿ. ಲಿಂಗದಹಳ್ಳಿಯಿಂದ ನೇರ ಕಲ್ಲತ್ತಿಗಿರಿ, ಮೇಲೆ ಕೆಮ್ಮಣ್ಣುಗುಂಡಿ. ತರೀಕೆರೆ ಹತ್ರ ಅಮೃತಾಪುರ ಇದೆ, 1196ರಲ್ಲಿ ಕಟ್ಟಿದ ಹೊಯ್ಸಳರ ಗುಡಿ. ಹೊರಗೋಡೆ ಮೇಲೆ ರಾಮಾಯಣ, ಮಹಾಭಾರತದ ಕತೆ ಸಾಲಾಗಿ ಕೆತ್ತಿದಾರೆ, ಒಂದು ತಾಸು ಎಲ್ಲಿ ಹೋಗುತ್ತೆ ಗೊತ್ತಾಗಲ್ಲ. ಹೊಸದುರ್ಗ-ಕಡೂರು ರೋಡಲ್ಲಿ ನೋಡೋಕೆ ಏನಿದೆ? ತೆಂಗಿನ ತೋಟ, ಬಯಲು, ಮತ್ತೆ ತೆಂಗಿನ ತೋಟ.

ಹಿನ್ನೀರು_ಹಿರಿಯೂರು

ಸೂಳೆಕೆರೆಯವರೇ, ತೆಂಗಿನ ತೋಟದ ಬಗ್ಗೆ ಹಗುರವಾಗಿ ಮಾತಾಡಬೇಡಿ, ಆ ತೋಟಗಳೇ ನಮ್ಮ ಕಡೆ ಬ್ಯಾಂಕು.

ಕೋಟೆಕೆಳಗಿನವರೇ, ನಿಮ್ಮ ದಾರಿ ಬಿಡಬೇಡಿ. ಸ್ವಲ್ಪ ವಿವರ ಕೊಡ್ತೀನಿ, ನೋಡಬೇಕಾದ್ದನ್ನ ನೋಡ್ಕೊಂಡು ಹೋಗಬಹುದು. ವೇದಾವತಿ ಅನ್ನೋದು ಮೇಲೆ ಎರಡು ಹಳ್ಳ. ಒಂದು ವೇದಾ, ಇನ್ನೊಂದು ಅವತಿ. ಗಿರಿಯಿಂದ ಇಳಿಯೋ ಗೌರಿಹಳ್ಳ ಸಖರಾಯಪಟ್ಟಣದ ಹತ್ರ ಅಯ್ಯನಕೆರೆಗೆ ಬೀಳುತ್ತೆ, ಅಲ್ಲಿಂದ ಮುಂದೆ ಅದೇ ವೇದಾ. ಅವತಿ ನೀರು ಮದಗದಕೆರೆ ತುಂಬಿಸಿ ಬರುತ್ತೆ. ಎರಡೂ ಕಡೂರು ಸೀಮೆಯಲ್ಲಿ ಸೇರಿ ವೇದಾವತಿ ಆಗಿ, ಹೊಸದುರ್ಗದ ಮಗ್ಗುಲಲ್ಲಿ ಹಾದು ನಮ್ಮ ವಾಣಿವಿಲಾಸ ಸಾಗರಕ್ಕೆ ಬರುತ್ತೆ. ಅಲ್ಲಿಂದ ಕೆಳಗೆ ಹಗರಿ ಅಂತ ಕರೆಸ್ಕೊಂಡು ಬಳ್ಳಾರಿ ಸೀಮೆಯಲ್ಲಿ ತುಂಗಭದ್ರೆ ಸೇರುತ್ತೆ.

ಡ್ಯಾಂ ಕಟ್ಟೋಕೆ ಶುರು ಮಾಡಿದ್ದು 1898, ಮುಗಿದದ್ದು 1907. ಮೈಸೂರಿನ ವಾಣಿವಿಲಾಸ ಸನ್ನಿಧಾನದವರ ಹೆಸರು ಅದಕ್ಕೆ. 130 ಅಡಿ ತುಂಬಿ ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಬಿದ್ದದ್ದು 2022ರಲ್ಲಿ! ನಮ್ಮಪ್ಪ ಇಡೀ ಆಯುಷ್ಯ ಡ್ಯಾಂ ಕೆಳಗೆ ಬೇಸಾಯ ಮಾಡಿ ಕೋಡಿ ನೋಡದೇ ಹೋದರು. ಆಮೇಲೆ 2025ರ ಜನವರಿಯಲ್ಲೂ ಬಿತ್ತು. ಈಗ ಭದ್ರಾ ಮೇಲ್ದಂಡೆ ಕಾಲುವೆ ನೀರೂ ಬರ್ತಿರೋದ್ರಿಂದ ಲೆಕ್ಕ ಬೇರೆ ಆಗಿದೆ, ಬರೀ ಗಿರಿ ಮಳೆ ನಂಬ್ಕೊಂಡು ಕೂತಿಲ್ಲ ನಾವು.

ಮೆಕಾನಿಕ್_ಮಾವ

ದಾವಣಗೆರೆಯಾಗ ಗ್ಯಾರೇಜ್ ಐತಿ ನಂದು. ಗಾಡಿ ವಿಷಯಕ್ಕ ನಾ ಹೇಳ್ತೀನಿ.

ಹತ್ತತೈತಿ. ಲೆಕ್ಕ ನೋಡ್ರಿ. ಸ್ಪ್ಲೆಂಡರ್ 97.2 ಸಿಸಿ, ಪವರ್ ಸುಮಾರು 8 ಪಿಎಸ್, ಅಂದ್ರ ಎಂಟು ಕುದುರಿ ಶಕ್ತಿ. ಗಾಡಿ ತೂಕ 112 ಕೆಜಿ ಹತ್ರ. ಸವಾರ 75 ಕೆಜಿ, ಬ್ಯಾಗ್ 10 ಕೆಜಿ ಅಂತ ಹಿಡೀರಿ. ಒಟ್ಟು 197. ಅಂದ್ರ ಒಂದು ಕುದುರಿಗೆ 25 ಕೆಜಿ ಎಳೆಯೋ ಕೆಲಸ. 350ದಾಗ 20 ಪಿಎಸ್, ಗಾಡಿ 195 ಕೆಜಿ, ಸವಾರ ಬ್ಯಾಗ್ ಸೇರಿ 280. ಒಂದು ಕುದುರಿಗೆ 14. ಹಂಗಾಗಿ ಬುಲೆಟ್ ಮೂರನೇ ಗೇರಿನಾಗ ಹಾಡ್ಕೊಂತ ಹೋಗೋ ಕಡಿ ಸ್ಪ್ಲೆಂಡರ್ ಎರಡನೇದ್ರಾಗ ಅಳ್ಕೊಂತ ಹೊಕ್ಕತಿ. ಆದ್ರ ಹೊಕ್ಕತಿ. ಹಿಂದ ಇನ್ನೊಬ್ಬರ್ನ ಕೂರಿಸಿದ್ರ ಕುದುರಿಗೆ 34 ಕೆಜಿ ಬೀಳತೈತಿ, ಆವಾಗ ಹೇರ್‌ಪಿನ್ ತಿರುವಿನಾಗ ಫಸ್ಟ್ ಗೇರೇ ಗತಿ. ಅದಕ್ಕ ಬ್ಯಾಗ್ ಎಲ್ಲಾ ಬುಲೆಟ್ ಮ್ಯಾಲೆ ಹಾಕ್ರಿ, ಸ್ಪ್ಲೆಂಡರ್ ಖಾಲಿ ಬರ್ಲಿ.

ಎತ್ತರದಾಗ ಗಾಳಿ ತೆಳುವು ಆಕ್ಕತಿ. ದುರ್ಗಕ್ಕಿಂತ ಮುಳ್ಳಯ್ಯನಗಿರಿ 1200 ಮೀಟರ್ ಮ್ಯಾಲೈತಿ. ನೂರಕ್ಕ ಹತ್ತರ ಮ್ಯಾಲೆ ಪವರ್ ಅಲ್ಲೇ ಹೋತು ಅಂತ ತಿಳೀರಿ. ಹೊಸ ಎಫ್‌ಐ (ಫ್ಯುಯೆಲ್ ಇಂಜೆಕ್ಷನ್) ಗಾಡಿ ಪೆಟ್ರೋಲ್ ತಾನೇ ಕಡಿಮಿ ಮಾಡ್ಕೊಂತೈತಿ. ಕಾರ್ಬುರೇಟರಿಗೆ ಅದು ಗೊತ್ತಾಗಂಗಿಲ್ಲ. ಅಷ್ಟೇ ಪೆಟ್ರೋಲ್ ಬಿಡತೈತಿ, ಗಾಡಿ ಭಾರ ಅನಿಸ್ತೈತಿ, ಸ್ವಲ್ಪ ಕಪ್ಪು ಹೊಗಿ ಬಂದ್ರೂ ಬರಬಹುದು. ಹೆದರಬ್ಯಾಡ್ರಿ, ಕೆಳಗ ಬಂದಮ್ಯಾಲೆ ಸರಿ ಆಕ್ಕತಿ. ದಾರ್ಯಾಗ ಯಾರೋ ಹೇಳಿದ್ರು ಅಂತ ಸ್ಕ್ರೂ ತಿರುವಕ್ಕ ಹೋಗಬ್ಯಾಡ್ರಿ.

ಹೊರಡಾಕ ಮುಂಚೆ ಏರ್ ಫಿಲ್ಟರ್ ಕ್ಲೀನ್, ಪ್ಲಗ್ ಕ್ಲೀನ್, ಚೈನ್ ಟೈಟ್, ಇಂಜಿನ್ ಆಯಿಲ್. ಒಂದು ಕ್ಲಚ್ ಕೇಬಲ್ ಸೀಟಿನ ಕೆಳಗ ಇಟ್ಕೊಳ್ರಿ. ಗಾಳಿ ಎಷ್ಟು ಹಾಕಬೇಕು ಅಂತ ಗಾಡಿ ಮ್ಯಾಲೇ ಸ್ಟಿಕರ್ ಇರತೈತಿ, ಗಾಳಿ ಹಾಕೋ ಹುಡುಗನ್ನ ಕೇಳಬ್ಯಾಡ್ರಿ.

ನನ್ನ ಚಿಂತಿ ಹತ್ತೋದಲ್ಲ. ಇಳಿಯೋದು. ಎರಡೂ ಕಡಿ ಡ್ರಮ್ ಬ್ರೇಕ್ ಇರೋ ಗಾಡಿ ಅದು. ನ್ಯೂಟ್ರಲ್ ಮಾಡಿ, ಪೆಟ್ರೋಲ್ ಉಳಿಸ್ತೀನಿ ಅಂತ ಬಿಟ್ಕೊಂಡು ಬಂದ್ರೋ, ಬ್ರೇಕ್ ಕಾದು ಹಿಡಿಯೋದೇ ಬಿಡತೈತಿ. ಹತ್ತಿದ ಗೇರಿನಾಗೇ ಇಳೀಬೇಕು. ನಿಮ್ಮ ದೋಸ್ತಗ ಇದನ್ನ ಬರೆದು ಕೈಗೆ ಕಟ್ರಿ.

ಮಂಡಕ್ಕಿ_ಮಿರ್ಚಿ

ಮಾವ ಸೀರಿಯಸ್ ಆಗಿಬಿಟ್ಟರು. ನಾನು ತಳ್ಳೋ ಮಾತು ವಾಪಸ್ ತಗಂಡೆ.

ಹೊಳಲ್ಕೆರೆ_ಅಕ್ಕ

ಮೆಕಾನಿಕ್ ಮಾವ, ಒಂದು ಪ್ರಶ್ನೆ. ನಾನು ಮತ್ತೆ ನನ್ನ ತಂಗಿ ಸ್ಕೂಟರಲ್ಲಿ ಹೋಗಬೇಕಂತಿದೀವಿ, ಇದೇ ಗಿರಿಗೆ. 110 ಸಿಸಿ. ಅದಕ್ಕೆ ಗೇರೇ ಇಲ್ಲವಲ್ಲ, ಇಳಿಯೋದು ಹೆಂಗೆ?

ಮೆಕಾನಿಕ್_ಮಾವ

ಅಕ್ಕಾರ, ಒಳ್ಳೇ ಪ್ರಶ್ನೆ ಕೇಳಿದ್ರಿ, ಯಾರೂ ಕೇಳಂಗಿಲ್ಲ ಇದನ್ನ. ಸ್ಕೂಟರಿನಾಗ ಬೆಲ್ಟ್ ಇರತೈತಿ, ಆ್ಯಕ್ಸಿಲರೇಟರ್ ಪೂರ್ತಿ ಬಿಟ್ಟು ನಿಧಾನ ಆದ್ರ ಕ್ಲಚ್ ತಾನಾಗೇ ಬಿಟ್ಕೊಂತೈತಿ. ಆಮ್ಯಾಲೆ ಇಂಜಿನ್ ಹಿಡಿಯಂಗಿಲ್ಲ, ಗಾಡಿ ಸುಮ್ನ ಜಾರತೈತಿ. ಪೂರ್ತಿ ಕೆಲಸ ಬ್ರೇಕಿಂದೇ. ಅದಕ್ಕ ಒಂದೇ ಸಮ ಹಿಡ್ಕೊಂಡು ಇಳೀಬ್ಯಾಡ್ರಿ. ಒಂದ್ಸಲ ಗಟ್ಟಿ ಹಿಡಿದು ಸ್ಪೀಡ್ ಇಳಿಸಿ, ಬಿಟ್ಟು, ಮತ್ತ ಹಿಡೀರಿ. ಎರಡೂ ಬ್ರೇಕ್ ಬಳಸ್ರಿ. ಎರಡು ಮೂರು ಕಿಲೋಮೀಟರಿಗೊಮ್ಮೆ ನಿಲ್ಲಿಸಿ ಫೋಟೋ ತಗೋರಿ, ಬ್ರೇಕೂ ತಣ್ಣಗಾಕ್ಕತಿ. ಇಬ್ಬರು ಕೂತು ಮುಳ್ಳಯ್ಯನಗಿರಿಯ ಕೊನೇ ಏರಿಗೆ ಹೋಗೋದು ನಾನಂತೂ ಬ್ಯಾಡ ಅಂತೀನಿ. ಕಲ್ಲತ್ತಿಗಿರಿ ತನಕ ಆರಾಮ ಹೋಗಿ ಬರ್ರಿ.

ಕೈಮರದ_ಕಾಫಿ

ಚರ್ಚೆ ನೋಡ್ತಾ ಇದ್ದೆ ಮಾರಾಯ್ರೆ. ಗಿರಿ ಬುಡದವನಾಗಿ ನಾಲ್ಕು ಮಾತು.

ಮೊದಲನೇದು, ಸುಮ್ಮನೆ ಬಂದು ಕೈಮರ ಚೆಕ್‌ಪೋಸ್ಟಲ್ಲಿ ನಿಂತರೆ ಆಗೋದಿಲ್ಲ. ಈಗ ಗಾಡಿಗೆ ಮೊದಲೇ ಆನ್‌ಲೈನಲ್ಲಿ ಬುಕ್ ಮಾಡ್ಬೇಕು. ಬೆಳಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ, ಎರಡಕ್ಕೂ ಇಷ್ಟೇ ಗಾಡಿ ಅಂತ ಲೆಕ್ಕ ಉಂಟು. ಶನಿವಾರ ಭಾನುವಾರದ್ದು ಬೇಗ ತುಂಬುತ್ತೆ. ಬೆಳಗಿನದ್ದೇ ತಗೊಳ್ಳಿ. ಮಧ್ಯಾಹ್ನದ ಮೇಲೆ ಮಂಜು ಕೂತ್ರೆ ಬೆಟ್ಟ ಇದೆಯೋ ಇಲ್ವೋ ಗೊತ್ತಾಗ್ಲಿಕ್ಕಿಲ್ಲ.

ಡಿಸೆಂಬರಿನಲ್ಲಿ ದತ್ತ ಜಯಂತಿ ಸುತ್ತಮುತ್ತ ಪ್ರವಾಸಿಗರನ್ನ ಬಿಡೋದಿಲ್ಲ. ಜೋರು ಮಳೆಗಾಲದಲ್ಲಿ ಧರೆ ಕುಸಿದ್ರೂ ಬಂದ್ ಮಾಡ್ತಾರೆ. ಹೊರಡೋ ಮುಂಚೆ ಜಿಲ್ಲಾಡಳಿತದ ಪ್ರಕಟಣೆ ನೋಡ್ಕೊಳ್ಳಿ.

ಬೆಟ್ಟದ ಮೇಲೆ ಪೆಟ್ರೋಲ್ ಬಂಕ್ ಇಲ್ಲ. ಚಿಕ್ಕಮಗಳೂರಲ್ಲೇ ತುಂಬಿಸಿ.

ಕಿರಿದಾದ ರಸ್ತೆಯಲ್ಲಿ ಎದುರಿಂದ ಗಾಡಿ ಬಂದ್ರೆ ಇಳಿಯೋರು ನಿಲ್ಬೇಕು, ಹತ್ತೋರು ಮೊದ್ಲು. ಅದು ಕಾನೂನಲ್ಲೇ ಇದೆ. ಆದ್ರೆ ಬಯಲುಸೀಮೆಯಿಂದ ಬರೋ ಕಾರಿನವರಿಗೆ ಇದು ಗೊತ್ತೇ ಇರೋದಿಲ್ಲ, ಅಡ್ಡ ನಿಲ್ಲಿಸಿಕೊಂಡು ಹಾರ್ನ್ ಬಾರಿಸ್ತಾರೆ. ಹತ್ತುವಾಗ ನಿಂತ ಸಣ್ಣ ಗಾಡಿ ಮತ್ತೆ ಹೊರಡೋದು ಎಷ್ಟು ಕಷ್ಟ ಅಂತ ಬೈಕಿನವರಿಗೇ ಗೊತ್ತು.

ಮಂಜಲ್ಲಿ ಹೈ ಬೀಮ್ ಹಾಕ್ಬೇಡಿ, ಬೆಳಕು ವಾಪಸ್ ಕಣ್ಣಿಗೇ ಬೀಳುತ್ತೆ. ಲೋ ಬೀಮ್, ತಿರುವಿಗೆ ಮುಂಚೆ ಒಂದು ಹಾರ್ನ್. ಮಳೆ ನಿಂತು ಹೆಚ್ಚು ದಿನ ಆಗಿಲ್ಲ, ಹುಲ್ಲಿಗೆ ಇಳಿದ್ರೆ ಇಂಬಳ ಹತ್ತುತ್ತೆ. ಕಿತ್ತು ಎಳೀಬೇಡಿ, ಉಪ್ಪು ಮುಟ್ಟಿಸಿ.

ಸೂಳೆಕೆರೆ_ಸವಾರ

ನನ್ನ ಲಿಂಗದಹಳ್ಳಿ ದಾರಿಗೆ ಯಾರೂ ಓಟು ಹಾಕಲೇ ಇಲ್ಲ.

ಕೈಮರದ_ಕಾಫಿ

ಬರುವಾಗ ಅದನ್ನೇ ಹಿಡೀಲಿ ಬಿಡಿ. ಕೈಮರದಿಂದ ಸಂತವೇರಿ ಘಾಟಿ ಇಳಿದ್ರೆ ಲಿಂಗದಹಳ್ಳಿ. ಗಾಡಿ ಕಡಿಮೆ, ಕಾಡು ಜಾಸ್ತಿ. ಹೋದ ದಾರೀಲೇ ವಾಪಸ್ ಬರೋದು ಯಾಕೆ?

ಕೋಟೆಕೆಳಗಿನವ | ಗುರುವಾರ

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಬೆಳಗಿನ ಪಾಳಿ ಬುಕ್ ಆಯ್ತು, ಎರಡು ಬೈಕಿಗೂ. ಹೋಗ್ತಾ ಹೊಸದುರ್ಗ, ಬರ್ತಾ ಲಿಂಗದಹಳ್ಳಿ. ಸೂಳೆಕೆರೆಯವರಿಗೂ ಅರ್ಧ ಓಟು ಬಿತ್ತು. ದೋಸ್ತ ಗಾಡಿನ ಗ್ಯಾರೇಜಿಗೆ ಬಿಟ್ಟಿದಾನೆ. ಯಾರ ಗ್ಯಾರೇಜ್ ಅಂತ ಕೇಳಬೇಡಿ, ಮಾವ ಅಲ್ಲ.

ಮೆಕಾನಿಕ್_ಮಾವ

ನನ್ನ ಹತ್ರ ಲೆಕ್ಕ ಕೇಳಿ ಬೇರೆ ಕಡಿ ಬಿಡ್ತೀರಿ. ಇರ್ಲಿ.

ಕೋಟೆಕೆಳಗಿನವ | ಮಂಗಳವಾರ ರಾತ್ರಿ

ಬಂದ್ವಿ. ಸ್ಪ್ಲೆಂಡರ್ ಹತ್ತಿತು. ಇಳಿಯುವಾಗ ಕತೆ ಆಯ್ತು, ಅದನ್ನ ಆಮೇಲೆ ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಬೇಡದವರು ಕೆಳಗೆ ಇಳಿದುಬಿಡಿ.

ಹೊಳಲ್ಕೆರೆಯಲ್ಲಿ ಸೇರಿದ್ವಿ. ಅವನು ದಾವಣಗೆರೆಯಿಂದ ಚಿಕ್ಕಜಾಜೂರು ಮೇಲೆ ಬಂದಿದ್ದ. ಬಯಲು ಗಣಪತಿಗೆ ಕೈಮುಗಿದು ಹೊಸದುರ್ಗದ ರೋಡ್ ಹಿಡಿದ್ವಿ. ಶುರುವಿನಲ್ಲಿ ನಾನು ಮುಂದೆ, ಅವನು ಹಿಂದೆ. ಪ್ರತಿ ಊರಿನ ಬಸ್‌ಸ್ಟ್ಯಾಂಡಲ್ಲಿ ನಿಂತು ಕಾಯೋದಾಯ್ತು. ಹೊಸದುರ್ಗದಲ್ಲಿ ಇಡ್ಲಿ ತಿಂದಮೇಲೆ ಅವನನ್ನ ಮುಂದೆ ಬಿಟ್ಟೆ. ಅವನ ಸ್ಪೀಡು ಐವತ್ತೈದು, ನಂದೂ ಐವತ್ತೈದು. ಇಬ್ಬರು ಹೋಗುವಾಗ ಸಣ್ಣ ಗಾಡಿ ಮುಂದೆ ಇರಬೇಕು ಕಣ್ರೀ. ಹಿಂದೆ ಇದ್ದವನು ಹಿಡಿಯೋಕೆ ಅಂತ ತಿರುವಲ್ಲಿ ಆತುರ ಮಾಡಲ್ಲ, ಮುಂದೆ ಇದ್ದವನಿಗೆ ಕನ್ನಡಿ ನೋಡೋ ಕೆಲಸ ಇಲ್ಲ. ಎಲ್ಲರೂ ಉಲ್ಟಾ ಮಾಡ್ತಾರೆ.

ಹೊಸದುರ್ಗದಿಂದ ಸ್ವಲ್ಪ ಒಳಗೆ ತಿರುಗಿ ಕೆಲ್ಲೋಡಿಗೆ ಹೋಗಿ ವೇದಾವತಿ ನೋಡಿದ್ವಿ. ಆಂಜನೇಯನ ಗುಡಿ, ಪಕ್ಕದಲ್ಲಿ ನದಿ. ನೀರು ಕೆಂಪಗೆ, ಮೆಲ್ಲಗೆ ಹೋಗ್ತಿತ್ತು. ಚಿಕ್ಕವನಿದ್ದಾಗ ಬೇಸಿಗೆಯಲ್ಲಿ ಇದೇ ಜಾಗದಲ್ಲಿ ಮರಳಲ್ಲಿ ನಡೆದು ದಾಟಿದ ನೆನಪು ದೋಸ್ತನಿಗಿದೆ, ಅವನ ತಾಯಿ ತವರು ಆ ಕಡೆ.

ಕಡೂರು ತನಕ ರೋಡ್ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ. ತೆಂಗಿನ ತೋಟ, ರಾಗಿ ಹೊಲ. ಸೂಳೆಕೆರೆಯವರು ಹೇಳಿದ್ದು ಸುಳ್ಳಲ್ಲ.

ಸಖರಾಯಪಟ್ಟಣದಲ್ಲಿ ಎಡಬಲ ಕೇಳ್ಕೊಂಡು ಅಯ್ಯನಕೆರೆಗೆ ಹೋದ್ವಿ. ಇಲ್ಲಿ ಹೇಳಬೇಕು. ಏರಿ ಮೇಲೆ ಹತ್ತಿ ನಿಂತರೆ ಎದುರಿಗೆ ಶಕುನಗಿರಿ ಬೆಟ್ಟ ನೀರಿನಿಂದಲೇ ಎದ್ದಂಗೆ ಕಾಣುತ್ತೆ. ಅದರ ಹಿಂದೆ ಗಿರಿ ಸಾಲು, ನೀಲಿ. ರುಕ್ಮಾಂಗದ ರಾಜ ಕಟ್ಟಿಸಿದ ಕೆರೆ ಅನ್ನೋ ಕತೆ ಇದೆ, ಹೊಯ್ಸಳರ ಕಾಲದಲ್ಲಿ 1156ರಲ್ಲಿ ಜೀರ್ಣೋದ್ಧಾರ ಆಯ್ತು ಅಂತಾರೆ. ಕೋಡಿ ಕಡೆ ನೀರು ಸಣ್ಣಗೆ ಹರೀತಿತ್ತು. ಎಮ್ಮೆ ತೊಳೀತಿದ್ದ ಅಜ್ಜ ಒಬ್ಬರಿದ್ರು. "ಎಲ್ಲಿಂದ ಬಂದ್ರಪ್ಪ?" ಅಂದ್ರು. ಚಿತ್ರದುರ್ಗ ಅಂದೆ. "ಓ, ನೀರು ಹೋಗೋ ಊರೋರು" ಅಂದು ಎಮ್ಮೆ ಬೆನ್ನಿಗೆ ಇನ್ನೊಂದು ಬೊಗಸೆ ಹಾಕಿದ್ರು. ಹಿರಿಯೂರಿನವರೇ, ನಿಮ್ಮನ್ನ ನೆನೆಸ್ಕೊಂಡೆ.

ರಾತ್ರಿ ಚಿಕ್ಕಮಗಳೂರಲ್ಲಿ ಉಳಿದ್ವಿ. ರೂಂ ಬಗ್ಗೆ ಬರೆಯಲ್ಲ. ವಾರಾಂತ್ಯದ ರೇಟು ಕೇಳಿ ದೋಸ್ತ ಬಸ್‌ಸ್ಟ್ಯಾಂಡಲ್ಲೇ ಮಲಗೋಣ ಅಂದ, ಅಷ್ಟೇ ಸಾಕು.

ಭಾನುವಾರ ಆರು ಗಂಟೆಗೆ ಕೈಮರ. ಚೆಕ್‌ಪೋಸ್ಟಲ್ಲಿ ಫೋನಲ್ಲಿದ್ದ ಪಾಸ್ ನೋಡಿ ಬಿಟ್ರು. ಎದುರಿಗಿದ್ದ ಕಾರಿನವರ ಡಿಕ್ಕಿ ತೆಗೆಸಿ ಬಾಟಲಿ ಹುಡುಕ್ತಿದ್ರು. ಅಲ್ಲಿಂದ ಏರು ಶುರು. ಕೆಳಗೆ ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಅಡಿಯಲ್ಲಿ ಕಾಫಿ ಗಿಡ, ಕಾಯಿ ಇನ್ನೂ ಹಸಿರು. ಮೇಲೆ ಹೋದ ಹಾಗೆ ತೋಟ ಮುಗಿದು ಬರೀ ಹುಲ್ಲು, ಕಣಿವೆ ಸಂದಿಯಲ್ಲಿ ಮಾತ್ರ ಒತ್ತಾದ ಶೋಲಾ ಕಾಡು. ಆ ಹುಲ್ಲೂ ಶೋಲಾವೂ ಸೇರಿ ಮಳೆ ನೀರನ್ನ ಹಿಡಿದಿಟ್ಕೊಂಡು ನಿಧಾನಕ್ಕೆ ಬಿಡೋದಕ್ಕೇ ಕೆಳಗಿನ ಹಳ್ಳಗಳು ಮಳೆ ನಿಂತಮೇಲೂ ಹರಿಯೋದು. ಮಂಜು ಒಂದು ತಿರುವಿನಲ್ಲಿ ಇರುತ್ತೆ, ಮುಂದಿನದರಲ್ಲಿ ಇರಲ್ಲ.

ಸೀತಾಳಯ್ಯನಗಿರಿ ದಾಟಿದ ಮೇಲೆ ಸ್ಪ್ಲೆಂಡರ್ ನಿಜವಾದ ಪರೀಕ್ಷೆ. ರೋಡ್ ಕಿರಿದು, ಒಂದು ಕಡೆ ಧರೆ, ಇನ್ನೊಂದು ಕಡೆ ಏನೂ ಇಲ್ಲ. ದೋಸ್ತ ಮುಂದೆ ಬಗ್ಗಿ, ಮೊಣಕೈ ಟ್ಯಾಂಕಿಗೆ ತಾಗೋ ಹಂಗೆ ಕೂತಿದ್ದ, ತನ್ನ ತೂಕ ಕೊಟ್ಟರೆ ಗಾಡಿ ಮುಂದೆ ಹೋಗುತ್ತೇನೋ ಅನ್ನೋ ಥರ. ಮಾವ ಹೇಳಿದ್ದು ಅಕ್ಷರಶಃ ಆಯ್ತು: ಎರಡನೇ ಗೇರು, ಸ್ಪೀಡೋಮೀಟರ್ ಮುಳ್ಳು ಇಪ್ಪತ್ತರ ಹತ್ರ ನಡುಗ್ತಾ, ಸೈಲೆನ್ಸರಿಂದ ಸ್ವಲ್ಪ ಕರಿ ಹೊಗೆ. ಒಂದು ಹೇರ್‌ಪಿನ್ನಲ್ಲಿ ಎದುರಿಂದ ಜೀಪು ಇಳೀತಾ ಬಂತು. ನಿಲ್ಲಿಸಿದ್ರೆ ಕತೆ ಮುಗೀತು ಅನ್ಕೊಂಡೆ. ಜೀಪಿನ ಡ್ರೈವರ್ ಸ್ಥಳೀಯ, ಪಕ್ಕಕ್ಕೆ ಒತ್ತಿ ನಿಂತು ಕೈ ಬೀಸಿದ. ಕೈಮರದವರೇ, ನಿಮ್ಮೂರಿನವರೇ ಇರಬೇಕು. ಫಸ್ಟ್ ಗೇರಿಗೆ ಬಿತ್ತು, ಗಾಡಿ ಅಳ್ತಾನೇ ತಿರುಗಿತು.

ಗಾಡಿ ನಿಲ್ಲಿಸಿ ಮೆಟ್ಟಿಲು ಹತ್ತಿ ಮುಳ್ಳಪ್ಪಸ್ವಾಮಿ ಗದ್ದುಗೆಗೆ ಹೋದ್ವಿ. ಕರ್ನಾಟಕದ ಅತಿ ಎತ್ತರದ ಜಾಗ, 1,900 ಮೀಟರ್ ಮೇಲೆ. ನಾನು ಪೂರ್ವದ ಕಡೆ ನೋಡ್ತಾ ನಿಂತೆ. ಮಂಜು ಒಂದು ಐದು ನಿಮಿಷ ಸರಿದಾಗ ದೂರದಲ್ಲಿ ಒಂದು ಬಿಳಿ ತಟ್ಟೆ ಹೊಳೀತು. ಅಯ್ಯನಕೆರೆ ಅದೇ ಅಂತ ನಾನು, ಅಲ್ಲ ಅಂತ ದೋಸ್ತ. ಪಕ್ಕದಲ್ಲಿದ್ದ ಅರ್ಚಕರು ಹೌದು ಅಂದ್ರು. ಪಶ್ಚಿಮಕ್ಕೆ ಬಿದ್ದ ಮಳೆ ಭದ್ರೆಗೆ, ಈ ಕಡೆ ಬಿದ್ದದ್ದು ನಮಗೆ. ಪಾಲು ದೊಡ್ಡದೇನಲ್ಲ. ಮುಂಗಾರು ಮೋಡ ಹೊಟ್ಟೆ ಪೂರ್ತಿ ಆ ಕಡೆ ಖಾಲಿ ಮಾಡಿ ಈ ಕಡೆಗೆ ಬರೋದು. ದುರ್ಗದ ಮಳೆನೆರಳು ಶುರುವಾಗೋದು ಅಲ್ಲಿಂದಲೇ.

ಬಾಬಾಬುಡನ್‌ಗಿರಿಗೂ ಹೋದ್ವಿ. ಏಳು ಕಾಫಿ ಬೀಜದ ಕತೆ ಎಲ್ಲರಿಗೂ ಗೊತ್ತಿರೋದೇ, ಬರೆಯಲ್ಲ. ಅತ್ತಿಗುಂಡಿಯಲ್ಲಿ ಕುಡಿದ ಕಾಫಿ ಚೆನ್ನಾಗಿತ್ತು.

ಈಗ ಇಳಿದ ಕತೆ. ಕೈಮರಕ್ಕೆ ಇಳಿಯುವಾಗ ದೋಸ್ತ ಎರಡನೇ ಗೇರಲ್ಲೇ ಬಂದ, ಶಹಬ್ಬಾಸ್. ಆಮೇಲೆ ಸಂತವೇರಿ ಘಾಟಿ. ಗಾಡಿ ಇಲ್ಲ, ರೋಡ್ ನೆರಳು, ಗಾಳಿ ತಂಪು. ಮೈಮರೆತು ನಾಲ್ಕನೇ ಗೇರಿಗೆ ಹಾಕಿ, ಹಿಂದಿನ ಬ್ರೇಕ್ ಪೆಡಲ್ ಮೇಲೆ ಕಾಲಿಟ್ಕೊಂಡು ಬರ್ತಿದ್ದಾನೆ. ಹಿಂದಿನಿಂದ ನೋಡ್ತೀನಿ, ಬ್ರೇಕ್ ಲೈಟ್ ಆರ್ತಾನೇ ಇಲ್ಲ. ಹಾರ್ನ್ ಹೊಡೆದೆ, ಸೈಡ್ ಕೇಳ್ತಿದೀನಿ ಅನ್ಕೊಂಡು ಕೈ ಬೀಸಿದ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ನನ್ನ ಮೂಗಿಗೇ ಬಂತು. ಒಂದು ಎಡ ತಿರುವಲ್ಲಿ ಪೆಡಲ್ ಒತ್ತಿದ್ರೆ ಕೆಳತನಕ ಹೋಯ್ತಂತೆ, ಹಿಡೀಲಿಲ್ಲ. ಪುಣ್ಯಕ್ಕೆ ಗೇರ್ ಇಳಿಸಿ, ಮುಂದಿನ ಬ್ರೇಕ್ ಹಿಡಿದು, ಒಳಗಿನ ಮಣ್ಣಿಗೆ ತಿರುಗಿಸಿ ನಿಲ್ಲಿಸಿದ. ಬಿದ್ದಿಲ್ಲ, ಏನೂ ಆಗಿಲ್ಲ. ಮುಖ ಮಾತ್ರ ಬಿಳಿಚಿಕೊಂಡಿತ್ತು.

ಡ್ರಮ್ ಹತ್ರ ಕೈ ಒಯ್ದರೆ ಒಂದು ಗೇಣು ದೂರದಿಂದಲೇ ಕಾವು. ಅವನು ನೀರಿನ ಬಾಟಲ್ ತೆಗೆದು ಸುರಿಯೋಕೆ ಹೋದ, ಕೈ ಹಿಡಿದೆ. ಕಾದ ಡ್ರಮ್ಮಿಗೆ ನೀರು ಬಿದ್ರೆ ಸೊಟ್ಟ ಆಗುತ್ತೆ, ಬಿರುಕೂ ಬಿಡಬಹುದು. ಹಂಗೇ ಕಲ್ಲಿನ ಮೇಲೆ ಕೂತು ಅವರ ಮನೆ ಚಪಾತಿ, ಶೇಂಗಾ ಚಟ್ನಿ ತಿಂದು ಮುಗಿಸೋ ಹೊತ್ತಿಗೆ ತಣ್ಣಗಾಯ್ತು. ಬ್ರೇಕ್ ವಾಪಸ್ ಬಂತು, ಆದ್ರೆ ಮೊದಲಿನ ಹಿಡಿತ ಇಲ್ಲ. ಲಿಂಗದಹಳ್ಳಿ ತನಕ ಎರಡನೇ ಗೇರಲ್ಲಿ, ಒಂದು ಮಾತಾಡದೆ ಬಂದ. ಕಲ್ಲತ್ತಿಗಿರಿ ಈ ಸಲ ಬಿಟ್ವಿ. ತರೀಕೆರೆ, ಅಜ್ಜಂಪುರ, ಹೊಸದುರ್ಗ ಮೇಲೆ ಕತ್ತಲಾಗೋ ಮುಂಚೆ ಹೊಳಲ್ಕೆರೆ. ಎಲ್ಲಾ ಸೇರಿ ನಾನೂರು ಕಿಲೋಮೀಟರ್ ಆಸುಪಾಸು. ಪೆಟ್ರೋಲ್ ಲೆಕ್ಕದಲ್ಲಿ ಅವನು ನನ್ನ ಅರ್ಧವೂ ಖರ್ಚು ಮಾಡಿಲ್ಲ, ಅದನ್ನ ಮಾತ್ರ ಇವತ್ತಿಗೂ ಹೇಳ್ತಿದಾನೆ.

ಮಂಡಕ್ಕಿ_ಮಿರ್ಚಿ

"ಓ, ನೀರು ಹೋಗೋ ಊರೋರು." ಅಜ್ಜಗ ನನ್ನ ಕಡೆಯಿಂದ ಒಂದು ಪ್ಲೇಟ್ ಮಿರ್ಚಿ.

ಹಿನ್ನೀರು_ಹಿರಿಯೂರು

ಓದಿ ಖುಷಿಯಾಯ್ತು. ಒಂದು ತಕರಾರು. ಮುಳ್ಳಯ್ಯನಗಿರಿಯಿಂದ ಕಂಡದ್ದು ಅಯ್ಯನಕೆರೆಯೇ ಅಂತ ಒಪ್ತೀನಿ, ಆದ್ರೆ ಮದಗದಕೆರೆ ನೋಡದೆ ಬಂದ್ರಲ್ಲ! ಅರ್ಧ ನದಿ ಬಿಟ್ಟಂಗೆ. ಎಮ್ಮೆದೊಡ್ಡಿ ಕಡೆ ಒಳದಾರಿ ಇದೆ, ಮುಂದಿನ ಸಲ ನಾನೂ ಬರ್ತೀನಿ, ನಂದೂ ನೂರು ಸಿಸಿನೇ.

ಸೂಳೆಕೆರೆ_ಸವಾರ

ತರೀಕೆರೆ ತನಕ ಬಂದು ಅಮೃತಾಪುರ ನೋಡಿಲ್ಲ, ಲಿಂಗದಹಳ್ಳಿಗೆ ಬಂದು ಕಲ್ಲತ್ತಿಗಿರಿ ನೋಡಿಲ್ಲ. ಅರ್ಧ ಓಟು ವಾಪಸ್ ಕೊಡಿ.

ತಮಾಷೆ ಬಿಡಿ, ಆ ಘಾಟಿಯಲ್ಲಿ ಗಾಡಿ ಕಡಿಮೆ ಇರೋದೇ ಅಪಾಯ. ಟ್ರಾಫಿಕ್ ಇದ್ರೆ ಜನ ತಾವಾಗೇ ನಿಧಾನ ಹೋಗ್ತಾರೆ.

ಹೊಳಲ್ಕೆರೆ_ಅಕ್ಕ

ನಾವು ಸ್ಕೂಟರಲ್ಲಿ ಕಲ್ಲತ್ತಿಗಿರಿ ತನಕ ಹೋಗಿ ಬರೋದು ಅಂತ ತೀರ್ಮಾನ. ವೀರಭದ್ರನ ಗುಡಿ, ಜಲಪಾತ, ಮನೆ ಬುತ್ತಿ, ಸಂಜೆಗೆ ವಾಪಸ್. ಮುಳ್ಳಯ್ಯನಗಿರಿಗೆ ಬಸ್ಸಲ್ಲಿ ಚಿಕ್ಕಮಗಳೂರು, ಅಲ್ಲಿಂದ ಜೀಪು. ಬ್ರೇಕ್ ಲೈಟ್ ಆರದೇ ಇದ್ದದ್ದು ಓದಿ ತಂಗಿಯೇ ಬೇಡ ಅಂದ್ಲು. ಇನ್ನೊಂದು, ನೀವಿಬ್ಬರೂ ಹೆಲ್ಮೆಟ್ ಹಾಕಿದ್ರಾ? ಎಲ್ಲೂ ಬರೆದಿಲ್ಲ.

ಕೋಟೆಕೆಳಗಿನವ

ಹಾಕಿದ್ವಿ ಅಕ್ಕಾ, ಐಎಸ್‌ಐ ಗುರುತಿಂದೇ. ಹೊಸದುರ್ಗದ ಇಡ್ಲಿ ಹೋಟೆಲಲ್ಲಿ ಅವನದ್ದು ಮರೆತು ಒಂದು ಕಿಲೋಮೀಟರ್ ಬಂದು ವಾಪಸ್ ಹೋದದ್ದನ್ನ ಬರೆಯಬೇಡ ಅಂದಿದ್ದ.

ಕೈಮರದ_ಕಾಫಿ

ಜೀಪಿನವನು ನನ್ನ ಭಾವ ಇರ್ಬಹುದು ಮಾರಾಯ್ರೆ, ಬಿಳಿ ಜೀಪಾ?

ಕೋಟೆಕೆಳಗಿನವ

ಬಿಳಿಯದೇ. ಮುಂದೆ ಗಾಜಿನ ಮೇಲೆ ಹೂವಿನ ಹಾರ ಒಣಗಿತ್ತು.

ಕೈಮರದ_ಕಾಫಿ

ಹಂಗಾದ್ರೆ ಅಲ್ಲ. ಭಾವಂದು ದಿನಾ ಹೊಸ ಹಾರ.

ಮೆಕಾನಿಕ್_ಮಾವ

ಬರೆದು ಕೈಗೆ ಕಟ್ರಿ ಅಂದಿದ್ದೆ. ಕಟ್ಟಿಲ್ಲ.

ಆ ಬ್ರೇಕ್ ಹಂಗೇ ಬಿಡಬ್ಯಾಡ್ರಿ. ಒಮ್ಮೆ ಅಷ್ಟು ಕಾದ ಮ್ಯಾಲೆ ಲೈನರ್ ಮ್ಯಾಲೆ ಗಾಜಿನಂಗ ಹೊಳಪು ಕೂರತೈತಿ, ನೋಡಾಕ ದಪ್ಪ ಇದ್ರೂ ಹಿಡಿಯಂಗಿಲ್ಲ. ಊರಾಗ ನಡೀತೈತಿ ಅನಿಸ್ತೈತಿ, ಮಳ್ಯಾಗ ಕೈ ಕೊಡತೈತಿ. ಹಿಂದಿನ ಗಾಲಿ ಬಿಚ್ಚಿ ಡ್ರಮ್ ಒಳಗ ಗೀರು ಬಿದ್ದೈತೇನು ನೋಡಬೇಕು, ಬ್ರೇಕ್ ಶೂ ಜೋಡಿ ಹೊಸದು ಹಾಕಬೇಕು, ಬ್ರೇಕಿನ ಕ್ಯಾಮಿಗೆ ಗ್ರೀಸ್. ಹಂಗ ಮುಂದಿಂದೂ ಬಿಚ್ಚಿ ನೋಡೋಣ. ಅರ್ಧ ತಾಸಿನ ಕೆಲಸ. ಯಾವ ಗ್ಯಾರೇಜಿನಾಗ ಸರ್ವಿಸ್ ಮಾಡಿಸಿದ್ನೋ ನಾ ಕೇಳಂಗಿಲ್ಲ. ಗುರುವಾರ ಬೆಳಗ್ಗೆ ಹತ್ತರ ಒಳಗ ಗಾಡಿ ತಂದು ನಿಲ್ಲಿಸು ಅನ್ರಿ, ಆಮ್ಯಾಲೆ ರಶ್ ಇರತೈತಿ.

ಕೋಟೆಕೆಳಗಿನವ

ಹೇಳಿದೆ ಮಾವ. ಶೂ ಜೋಡಿಗೆ ಎಷ್ಟಾಗುತ್ತೆ ಅಂತ ಕೇಳ್ತಿದಾನೆ.

ಮೆಕಾನಿಕ್_ಮಾವ

ಚಿಕ್ಕಮಗಳೂರಿನ ರೂಮಿಗಿಂತ ಕಡಿಮಿ ಅನ್ರಿ.